ಸೊನ್ನೆ ಶುಲ್ಕ

"ಅತ್ತಿಗೆ, ಆ ಸೊನ್ನೆ ಅಣ್ಣ ಇಟ್ಟಿದ್ದು. ಅದೊಂದನ್ನ ಮಾತ್ರ ಮುಟ್ಟಬೇಡಿ," ಎಂದಳು ನಾದಿನಿ.

ಅತ್ತಿಗೆಯ ಬೆರಳು ಪರದೆಯ ಮೇಲೆ ತಡೆದು ನಿಂತಿತು. ಪುಸ್ತಕ ಬೈಂಡಿಂಗ್ ಅಂಗಡಿಯ ಮೂಲೆಯಲ್ಲಿ, ಅಂಟಿನ ಡಬ್ಬಗಳ ಮೇಲಿನ ಹಲಗೆಯಲ್ಲಿ, ಇಟ್ಟಿಗೆ ಗಾತ್ರದ ಯಂತ್ರ ಹಣ ದಾಟಿದಾಗಲೆಲ್ಲ ಹಸಿರು ದೀಪ ಮಿಟುಕಿಸುತ್ತಿತ್ತು. ಬೀದಿಯ ಅಂಗಡಿಯವರು ಬ್ಯಾಂಕಿನ ಗೊಡವೆಯಿಲ್ಲದೆ ತಮ್ಮ ತಮ್ಮಲ್ಲೇ ಹಣ ಕಳಿಸಿಕೊಳ್ಳುವ ಜಾಲದ ಯಂತ್ರ ಅದು. ಇಬ್ಬರು ಒಂದಿಷ್ಟು ಹಣ ಕಟ್ಟಿಟ್ಟು ನಡುವೆ ಚಾನೆಲ್ ಎಂಬ ನೇರ ದಾರಿ ತೆರೆಯಬೇಕು. ನೇರ ಚಾನೆಲ್ ಇಲ್ಲದವರು ಮೂರನೆಯವರ ಮೂಲಕ ದಾಟಿಸಬೇಕು. ದಾಟಿಸುವವರು ಚೂರು ಶುಲ್ಕ ಹಿಡಿಯಬಹುದು. ಅವಳ ಗಂಡ ಹಿಡಿಯಲಿಲ್ಲ, ಸೊನ್ನೆ ಇಟ್ಟ. ಎಲ್ಲರೂ ಉಳಿದ ಚಾನೆಲ್‌ಗಳನ್ನು ಒಂದೊಂದಾಗಿ ಮುಚ್ಚಿ ಈ ಬಾಗಿಲಿಗೇ ಬಂದರು. ಅವನು ತೀರಿಹೋಗಿ ಹತ್ತು ತಿಂಗಳಾದರೂ ಬೀದಿ ಅವನನ್ನು ಪುಣ್ಯಾತ್ಮ ಎನ್ನುತ್ತಿತ್ತು.

ಮೊನ್ನೆ ಕಾಗದದ ಕಟ್ಟು ಇಳಿಸುವಾಗ ಅವಳ ಮೊಣಕೈ ತಗುಲಿ ಯಂತ್ರದ ವೈರು ಕಳಚಿತ್ತು. ಗೊತ್ತಾಗದೆ ಬಾಗಿಲೆಳೆದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ಅರ್ಧ ದಿನ ಬೀದಿಯಲ್ಲಿ ಬಿಡಿಗಾಸು ಅಲುಗಲಿಲ್ಲ. ನೋಟು ಇಟ್ಟುಕೊಳ್ಳುವುದನ್ನು ಎಲ್ಲರೂ ಎಂದೋ ಬಿಟ್ಟಿದ್ದರು. ಬ್ರೆಡ್ಡಿನವನ ತಾಯಿಗೆ ಉಬ್ಬಸ. ಔಷಧಿ ಅಂಗಡಿ ಎದುರಿಗೇ. ಆದರೆ ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳವಾಡಿದಂದಿನಿಂದ ಆ ಇಬ್ಬರಿಗೂ ಮಾತಿಲ್ಲ. ಕಡ ಕೇಳಲು ಇವನಿಗೆ ಬಾಯಿ ಬರಲಿಲ್ಲ. ಮುದುಕಿ ಸಂಜೆಯವರೆಗೆ ಗೋಡೆ ಹಿಡಿದು ಏದುಸಿರು ಬಿಟ್ಟಳು.

"ಒಂದು ಟೇಪು ಸುತ್ತಿದ್ರೆ ವೈರು ಕಳಚಲ್ಲ. ಅದಕ್ಕೆ ಶುಲ್ಕ ಯಾಕೆ? ಅವನು ಹೋದ, ಇವಳು ಗಲ್ಲಾ ತೆರೆದಳು ಅಂತಾರೆ ಜನ," ಎಂದಳು ನಾದಿನಿ.

"ಅನ್ನಲಿ."

"ಅತ್ತಿಗೆ..."

"ಎಲ್ಲಾ ಒಬ್ಬರ ಮೇಲೇ ನಿಂತಿದ್ರೆ ಏನಾಗತ್ತೆ ಅಂತ ನಂಗೆ ಗೊತ್ತು ಕಣೇ."

ನಾದಿನಿ ಉಗುರಿಗಂಟಿದ ಅಂಟು ಕೆರೆಯುತ್ತ ಕೂತಳು. ಆಮೇಲೆ ಕೇಳಿದಳು, "ಎಷ್ಟು ಹಾಕ್ತೀರಿ?"

"ನನ್ನ ಮೂಲಕ ಹೋಗೋದಕ್ಕಿಂತ ತಾವೇ ಚಾನೆಲ್ ತೆರೆಯೋದು ಅಗ್ಗ ಅನ್ನಿಸಬೇಕು. ಅಷ್ಟು."

ಅವಳು ಸೊನ್ನೆಯನ್ನು ಅಳಿಸಿದಳು. ಖಾಲಿ ಚೌಕವನ್ನು ಒಂದು ಕ್ಷಣ ನೋಡಿ, ಅಂಕಿ ಒತ್ತಿದಳು.

ಮರುದಿನ ಬೆಳಿಗ್ಗೆ ಬ್ರೆಡ್ಡಿನವನು ಹೊಸ್ತಿಲಲ್ಲೇ ನಿಂತು ಜೋರು ಮಾಡಿದ. "ಏನಕ್ಕಾ, ನಾಳೆಯಿಂದ ಗಾಳಿಗೂ ಸುಂಕವಾ? ಅಣ್ಣ ಇದ್ದಿದ್ರೆ ಹೀಗೆ ಮಾಡ್ತಿದ್ರಾ?"

"ಔಷಧಿ ಅಂಗಡಿಯವರ ಜೊತೆ ನೇರ ಚಾನೆಲ್ ತೆಗೀರಿ. ಒಂದೇ ಸಲದ ಖರ್ಚು."

"ಅವನ ಜೊತೆಗಾ? ಸತ್ತರೂ..." ಎಂದವನು ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಬಂದ ದಾರಿಯಲ್ಲೇ ಬಿರಬಿರನೆ ಹೊರಟುಹೋದ.

ವಾರವಿಡೀ ಯಾರೂ ಅಂಗಡಿಯೊಳಗೆ ತಲೆ ಹಾಕಲಿಲ್ಲ. ಅಕ್ಕಾ ಎನ್ನುತ್ತಿದ್ದವರು ಎದುರಾದರೆ ಫೋನು ನೋಡುತ್ತ ನಡೆದರು. ಒಂದೆರಡು ಸಲ ಸೊನ್ನೆಯನ್ನೇ ಮತ್ತೆ ಹಾಕಲು ಅವಳ ಕೈ ಹಲಗೆಯತ್ತ ಹೋಗಿ ಮರಳಿತು.

ಎಂಟನೆಯ ದಿನ ಮಧ್ಯಾಹ್ನ ಹೊಲಿಗೆಯ ನಡುವೆ ತಲೆಯೆತ್ತಿದಳು. ಬ್ರೆಡ್ ಅಂಗಡಿಯ ಬೆಂಚಿನ ಒಂದು ತುದಿಗೆ ಅವನು, ಇನ್ನೊಂದು ತುದಿಗೆ ಔಷಧಿ ಅಂಗಡಿಯವನು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಅಲ್ಲಿ ಎರಡು ಫೋನು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಅವುಗಳ ಮೇಲೆ ಬಾಗಿದ್ದರು. ಔಷಧಿಯವನು ಏನೋ ಅಂದ. ಬ್ರೆಡ್ಡಿನವನು ಹಿಟ್ಟಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಪರದೆ ಮುಟ್ಟಿದ.

ಅವಳ ಬೆನ್ನ ಹಿಂದೆ ಹಲಗೆಯ ಮೇಲೆ ಹಸಿರು ದೀಪ ಒಮ್ಮೆ ಮಿಟುಕಿತು. ಮತ್ತೆ ಮಿಟುಕಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳು ಸೂಜಿಗೆ ಹೊಸ ದಾರ ಪೋಣಿಸಿಯಾಗಿತ್ತು.