ಎಲ್ಲ ಮಕ್ಕಳೂ ಮನೆ ಸೇರುವ ಹೊತ್ತು

ಚಪ್ಪಲಿ ಬಿಡಲು ಬಗ್ಗಿದ್ದೇ ತಡ, ಗೆಳೆಯರು ಗಾಬರಿ ಎಂದು ಕರೆಯುವ ಹುಡುಗಿಯ ಚೀಲದಿಂದ ಗಣಿತದ ಪುಸ್ತಕ ಜಾರಿ ಸಾವಿನ ಮನೆಯ ಹೊಸ್ತಿಲ ಮೇಲೆ ಧೊಪ್ಪೆಂದು ಬಿತ್ತು. ಒಳಗಿದ್ದವರೆಲ್ಲ ತಿರುಗಿ ನೋಡಿದರು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಅವಳಿಗೆ.

"ಇದನ್ನೂ ಹೊತ್ಕೊಂಡು ಬಂದ್ಯಾ?" ಜೊತೆಗೆ ಬಂದಿದ್ದ ಗೆಳೆಯ ಪಂಡಿತ ಪಿಸುಗುಟ್ಟಿದ.

"ನಾಳೆ ಬೆಳಿಗ್ಗೆ ಪರೀಕ್ಷೆ ಕಣೋ. ಬಿಟ್ಟು ಬರೋಕೆ ಮನಸ್ಸು ಬರಲಿಲ್ಲ."

ನಡುಮನೆಯಲ್ಲಿ ವ್ಯಾನಕ್ಕನನ್ನು ಮಲಗಿಸಿದ್ದರು. ಶಾಲೆಯ ವ್ಯಾನಿನ ಬಾಗಿಲಲ್ಲಿ ನಿಂತು ಮಕ್ಕಳನ್ನು ಹತ್ತಿಸಿ ಇಳಿಸುವುದು ಅವಳ ಕೆಲಸ; ಅದೇ ವ್ಯಾನಿನ ಡ್ರೈವರ್ ಅವಳ ಗಂಡ. ಸಂಜೆ ಕಾಲೇಜಿನಲ್ಲಿ ಮಾತ್ರ ಅವಳು ಗಾಬರಿ, ಪಂಡಿತರ ಸಹಪಾಠಿ. ವಯಸ್ಸಿನಲ್ಲಿ ಇಬ್ಬರಿಗೂ ತಾಯಿಯಾಗುವಷ್ಟು ದೊಡ್ಡವಳು, ಬೈಗುಳದಲ್ಲಿ ಅಕ್ಕ. ನಿನ್ನೆ ಸಂಜೆ ಇದ್ದಕ್ಕಿದ್ದಂತೆ ಅವಳ ಹೃದಯ ನಿಂತುಹೋಗಿತ್ತು. ಲೆಕ್ಕ ಬಿಡಿಸುವಾಗ ಹುಬ್ಬಿನ ನಡುವೆ ಬೀಳುತ್ತಿದ್ದ ಗಂಟು ಈಗ ಇರಲಿಲ್ಲ.

ಗಾಬರಿ ಬಿಕ್ಕಿ ಬಿಕ್ಕಿ ಅತ್ತಳು. ಅಳುವಾಗಲೂ ತಲೆಯಲ್ಲಿ ಐದನೇ ಅಧ್ಯಾಯವೇ ಗಿರಗಿರ ಸುತ್ತುತ್ತಿತ್ತು. ಅದನ್ನು ಇವತ್ತು ಮಧ್ಯಾಹ್ನ ಹೇಳಿಕೊಡುತ್ತೇನೆ ಎಂದಿದ್ದಳು ವ್ಯಾನಕ್ಕ. ಪ್ರಶ್ನೆಪತ್ರಿಕೆಯಲ್ಲಿ ಅದೇ ದೊಡ್ಡ ಪಾಲು. ಈ ಸಲವೂ ಫೇಲಾದರೆ ಕಾಲೇಜಿನಿಂದ ಹೆಸರು ತೆಗೆದುಹಾಕುತ್ತಾರೆ, ಇನ್ನೊಂದು ಅವಕಾಶವಿಲ್ಲ. ಹೆಣದ ಮುಂದೆ ಕೂತು ಅಂಕ ಲೆಕ್ಕ ಹಾಕುವ ತನ್ನ ಬುದ್ಧಿಗೆ ಬೆಂಕಿ ಬೀಳಲಿ ಎಂದುಕೊಂಡಳು. ಬೆಂಕಿ ಬೀಳಲಿಲ್ಲ, ಅಧ್ಯಾಯವೂ ಬಿಟ್ಟು ತೊಲಗಲಿಲ್ಲ.

"ಆ ಓದೇ ಅತ್ತಿಗೇನ ತಿಂದಿದ್ದು," ಎಂದಳು ಡ್ರೈವರನ ತಂಗಿ, ಪುಸ್ತಕವನ್ನು ದುರುಗುಟ್ಟಿ ನೋಡುತ್ತ. "ಈ ವಯಸ್ಸಲ್ಲಿ ಪಾಸಾಗಿ ಯಾವ ರಾಜ್ಯ ಆಳಬೇಕಿತ್ತೋ!"

"ಸುಮ್ನಿರೇ," ಎಂದ ಗೋಡೆಗೊರಗಿ ಕೂತಿದ್ದ ವ್ಯಾನಕ್ಕನ ಗಂಡ. "ಅದೊಂದೇ ಅವಳು ತನಗೋಸ್ಕರ ಮಾಡ್ಕೊಂಡಿದ್ದು."

ಹೊರಗೆ ನಿಂತಿದ್ದ ಶವವಾಹನದ ಚಾಲಕ ಬಾಗಿಲಲ್ಲಿ ಮುಖ ತೋರಿಸಿದ. "ಇನ್ನೂ ಯಾರು ಬರ್ಬೇಕು?"

"ಅವಳ ಅಣ್ಣ, ತಂಗಿ, ಶಾಲೆಯವರು... ಬರ್ತಾರೆ."

"ಒಬ್ಬೊಬ್ಬರೂ ಬರ್ತಾರೆ ಸ್ವಾಮಿ, ಅದು ನನಗೂ ಗೊತ್ತು. ಎಲ್ಲರೂ ಬಂದಾಗೋದು ಎಷ್ಟೊತ್ತಿಗೆ? ಅದೊಂದು ಹೇಳಿ. ನಾನು ಇನ್ನೊಂದು ಮನೆಗೆ ಹೋಗ್ಬೇಕು."



*

ಅವರ ಓದಿನ ಕೋಣೆ ಎಂದರೆ ಆ ವ್ಯಾನೇ. ಮಕ್ಕಳು ತರಗತಿಯಲ್ಲಿರುವಷ್ಟು ಹೊತ್ತು ಅದು ಶಾಲೆಯ ಗೋಡೆಯ ಪಕ್ಕ ನೆರಳಲ್ಲಿ ನಿಂತಿರುತ್ತಿತ್ತು. ಪುಟ್ಟ ಸೀಟುಗಳಲ್ಲಿ ಮುದುಡಿ ಕೂತರೆ ಪಂಡಿತನ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಒಬ್ಬೊಬ್ಬರೂ ಕೆಲವು ಅಧ್ಯಾಯ ಹಂಚಿಕೊಂಡು ಉಳಿದವರಿಗೆ ಹೇಳಿಕೊಡಬೇಕು. ಹೇಳುವವರು ಬಾಗಿಲ ಪಕ್ಕದ ಕಂಬಿ ಹಿಡಿದು ನಿಲ್ಲಬೇಕು. ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳಿದಾಗ ಸುಳ್ಳು ಹೇಳುವಂತಿಲ್ಲ, ಹೇಳಿ ಸಿಕ್ಕಿಬಿದ್ದರೆ ಪೊರಕೆ ಹಿಡಿದು ವ್ಯಾನು ಗುಡಿಸಬೇಕು. ಮಕ್ಕಳು ಚೆಲ್ಲಿದ ಬಿಸ್ಕತ್ತಿನ ಪುಡಿಯ ಮೇಲೆ ಆಣೆ ಇಟ್ಟು ವ್ಯಾನಕ್ಕ ಮಾಡಿದ ಕಾನೂನು ಅದು.

ಮೊದಲ ದಿನವೇ ಗಾಬರಿ ಸಿಕ್ಕಿಬಿದ್ದಿದ್ದಳು.

"ಆಯ್ತಕ್ಕಾ."

"ಸುಳ್ಳು! ಬಾಯಿ ಆಯ್ತು ಅನ್ನುತ್ತೆ, ಕಾಲು ಗಡಗಡ ಅಂತಿದೆ. ಹಿಡಿ ಪೊರಕೆ. ಇವತ್ತಿಂದ ನಿನ್ನ ಹೆಸರು ಗಾಬರಿ."

"ಭಯ ಆಗುತ್ತಕ್ಕಾ, ನಾನೇನ್ ಮಾಡ್ಲಿ?"

"ಆಗ್ಲಿ ಬಿಡು. ಭಯ ಪಟ್ಕೊಂಡೇ ಬಂದು ನನ್ನ ಪಕ್ಕ ಕೂತ್ಕೋ."

ಐದನೇ ಅಧ್ಯಾಯವನ್ನು ಮಾತ್ರ ವ್ಯಾನಕ್ಕ ಮುಂದೂಡುತ್ತಲೇ ಬಂದಳು. ಪಂಡಿತ ಒಮ್ಮೆ ಹೇಳಿಕೊಡಲು ಹೋಗಿ ಮೂವರನ್ನೂ ಗೋಜಲಿಗೆ ಕೆಡವಿದ್ದ. "ಇರ್ರೋ, ನನ್ನದು ಇನ್ನೂ ಹದಕ್ಕೆ ಬಂದಿಲ್ಲ. ಮೊದಲು ಒಬ್ಬರ ಮೇಲೆ ಪ್ರಯೋಗ ಮಾಡ್ತೀನಿ," ಎಂದು ಅವಳು ಡ್ರೈವರ್ ಸೀಟಿನತ್ತ ಕಣ್ಣು ಹೊಡೆದಳು. ಅಲ್ಲಿ ಮುಖದ ಮೇಲೆ ಪೇಪರು ಹರಡಿಕೊಂಡು ಅವಳ ಗಂಡ ಗೊರಕೆ ಹೊಡೆಯುತ್ತಿದ್ದ.

*

ಎಲ್ಲ ಮುಗಿದಾಗ ಬಿಸಿಲು ಇಳಿದಿತ್ತು. ಬಂದವರನ್ನು ಅವರವರ ಮನೆಗೆ ತಲುಪಿಸಲು ಭಾವ ತಾನೇ ವ್ಯಾನು ತೆಗೆದ. ವ್ಯಾನಕ್ಕ ಅಕ್ಕನಾದ ಮೇಲೆ ಅವಳ ಗಂಡ ಭಾವನೇ ತಾನೇ. "ಇವತ್ತೊಂದು ದಿನ ಬೇರೆಯವರು ಓಡಿಸ್ಲಿ," ಎಂದು ಅವನ ತಂಗಿ ಎಷ್ಟು ಹೇಳಿದರೂ ಕೇಳಲಿಲ್ಲ. ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಉಳಿದವರು ಗಾಬರಿ ಮತ್ತು ಪಂಡಿತ.

ಪುಸ್ತಕದ ಚೀಲವನ್ನು ತಬ್ಬಿಕೊಂಡು ಕೂತಿದ್ದ ಗಾಬರಿಯ ಕಾಲು ನಡುಗುತ್ತಿತ್ತು. ಕನ್ನಡಿಯಲ್ಲಿ ಅದನ್ನು ಕಂಡ ಭಾವ ಶಾಲೆಯ ಗೋಡೆಯ ಪಕ್ಕ, ದಿನಾ ನಿಲ್ಲಿಸುವ ಜಾಗದಲ್ಲೇ ವ್ಯಾನು ನಿಲ್ಲಿಸಿದ.

"ಐದನೇದು ಹೇಳ್ಕೊಟ್ಟಿದ್ಲಾ?"

ಗಾಬರಿ ತಲೆ ತಗ್ಗಿಸಿದಳು. "ಇಲ್ಲ ಭಾವ. ಇವತ್ತು ಕೇಳ್ಬಾರ್ದು ಅಂತ..."

"ನನಗೆ ಬಾಯಿಪಾಠ ಬರುತ್ತೆ." ಅವನು ಎದ್ದು ಬಂದು ಬಾಗಿಲ ಪಕ್ಕದ ಕಂಬಿ ಹಿಡಿದು ನಿಂತ. ಗಂಟಲು ಸರಿಮಾಡಿಕೊಂಡು, ಹೆಂಡತಿಯದೇ ಧಾಟಿಯಲ್ಲಿ ಶುರುಮಾಡಿದ. "ನೋಡ್ರೋ, ಕೊನೆಯೇ ಇಲ್ಲದ ಬೀದಿ ಅಂತ ಇಟ್ಕೊಳ್ಳಿ. ಮನೆಗಳೂ ಮುಗಿಯಲ್ಲ, ಮಕ್ಕಳೂ ಮುಗಿಯಲ್ಲ. ಪ್ರತಿಯೊಂದು ಮಗೂನೂ ಯಾವಾಗಲೋ ಮನೆ ಸೇರುತ್ತೆ. ಹತ್ತಿರದ್ದು ಬೇಗ, ದೂರದ್ದು ತಡ. ಒಂದೊಂದಕ್ಕೂ ಒಂದೊಂದು ಹೊತ್ತು. ಹೀಗೆ ಹೋಗಿ ಸೇರೋದಕ್ಕೆ ಲೆಕ್ಕದಲ್ಲಿ ಬರೀ ಅಭಿಸರಣ ಅಂತಾರೆ. ಆದ್ರೆ ಯಾವ ಮಗು ಅಂತ ಕೇಳೋಕೆ ಮುಂಚೇನೇ, 'ಈ ಹೊತ್ತು ದಾಟಿದ ಮೇಲೆ ಒಂದು ಮಗೂನೂ ಬೀದೀಲಿ ಇರಲ್ಲ' ಅಂತ ಎಲ್ಲರಿಗೂ ಸೇರಿ ಒಂದೇ ಹೊತ್ತು ಹೇಳೋಕಾದ್ರೆ, ಅದು ಏಕರೂಪ ಅಭಿಸರಣ." ಸ್ವಲ್ಪ ನಿಲ್ಲಿಸಿದ. "ಇಲ್ಲಿ ಅವಳು ನೀರು ಕುಡೀತಿದ್ಲು."

ಗಾಬರಿಗೆ ಬೆಳಗಿನ ಶವವಾಹನದ ಚಾಲಕ ನೆನಪಾದ. ಒಬ್ಬೊಬ್ಬರೂ ಬರ್ತಾರೆ, ಎಲ್ಲರೂ ಬಂದಾಗೋದು ಎಷ್ಟೊತ್ತಿಗೆ? ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡರೂ ಬಗ್ಗದ ವ್ಯಾಖ್ಯೆ ಈಗ ತಾನಾಗಿ ತಿಳಿಯಾಯಿತು. ಪಂಡಿತನೂ ಬಾಯಿ ಬಿಟ್ಟುಕೊಂಡು ಕೂತಿದ್ದ.

"ಅರ್ಥ ಆಯ್ತಾ?" ಎಂದ ಭಾವ.

"ಆಯ್ತು ಭಾವ." ಅವಳ ಕಾಲು ನಡುಗುತ್ತಿರಲಿಲ್ಲ.

"ನನಗೆ ಆಗಿಲ್ಲಮ್ಮ." ಅವನು ಕಂಬಿ ಬಿಡಲಿಲ್ಲ. "ದಿನಾ ಕೇಳೋಳು, ದಿನಾ ಆಯ್ತು ಅಂತಿದ್ದೆ. ಸುಳ್ಳು ಅಂತ ಬೈಯೋಳು. ನಿನ್ನೆ ಕೊನೇ ಮಗೂನ ಇಳಿಸಿ ಹೊರಟಾಗಲೂ ಹಿಂದೆ ಕೂತು ಇದನ್ನೇ ಹೇಳ್ತಿದ್ಲು. ಅರ್ಥ ಆಯ್ತಾ ಅಂದ್ಲು. ಆಯ್ತು ಅಂದೆ. ಬೈಲಿಲ್ಲ. ಅಬ್ಬಾ, ಕೊನೆಗೂ ನಂಬಿದ್ಲಲ್ಲ ಅಂತ ಖುಷಿಪಟ್ಕೊಂಡು ಮನೇವರೆಗೂ ಗಾಡಿ ಓಡಿಸ್ಕೊಂಡು ಬಂದೆನಮ್ಮ."

ಪಂಡಿತ ಕಿಟಕಿಯತ್ತ ಮುಖ ತಿರುಗಿಸಿ ಅಳುತ್ತಿದ್ದ.

ಭಾವ ಬಗ್ಗಿ ಸೀಟಿನ ಕೆಳಗಿನಿಂದ ಪೊರಕೆ ಎಳೆದ. ಹಿಂದಿನ ಸಾಲಿನಿಂದ ಗುಡಿಸತೊಡಗಿದ. ಸೀಟುಗಳ ಸಂದಿಯಿಂದ ನಿನ್ನೆಯ ಬಿಸ್ಕತ್ತಿನ ಪುಡಿ, ಮುರಿದ ಬಳಪ, ಯಾರದೋ ಪುಟ್ಟ ಕಾಲುಚೀಲ ಬಂದವು.

ಗಾಬರಿ ಚೀಲ ಕೆಳಗಿಟ್ಟು ಎದ್ದು ಹೋಗಿ ಬಾಗಿಲ ಕಂಬಿ ಹಿಡಿದು ನಿಂತಳು. "ಮೊದಲಿಂದ ಹೇಳ್ತೀನಿ ಭಾವ," ಎಂದಳು. "ಕೊನೆಯೇ ಇಲ್ಲದ ಒಂದು ಬೀದಿ..."

"ನಿಧಾನಕ್ಕೆ ಹೇಳು," ಎಂದ ಭಾವ, ತಲೆ ಎತ್ತದೆ ಗುಡಿಸುತ್ತ.