ಆರರ ಮೇಲೊಂದು

ಪ್ರಿನ್ಸಿಪಾಲ್ ನಾಗಭೂಷಣ ಅವರು ಸೀಮೆಸುಣ್ಣದ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, "ಎಣಿಸಿ ಡಬ್ಬಿಯಾಗ ಹಾಕಮ್ಮ" ಎಂದರು.

ಹಾರಿಕಾ ಒಂದೊಂದೇ ತುಂಡು ಎತ್ತಿ ಹಾಕತೊಡಗಿದಳು. "ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಆರರ ಮ್ಯಾಲೊಂದು, ಎಂಟು..."

ಮನೆಯಲ್ಲಿ ಜೋಳ ಅಳೆಯುವಾಗ ನನ್ನ ಅತ್ತೆ ಹೀಗೇ ಎಣಿಸುವುದು. ಮೊದಲ ಸೇರು ಒಂದಲ್ಲ, ಲಾಭ. ಏಳು ಎಂಬ ಮಾತು ಅಶುಭ, ರಾಶಿಯ ಮುಂದೆ ಬಾಯಿಗೆ ತರುವಂತಿಲ್ಲ; ಅದಕ್ಕೇ ಆರರ ಮ್ಯಾಲೊಂದು. ಏನನ್ನಾದರೂ ತುಂಬಲು ಕೂತರೆ ಮೊಮ್ಮಗಳು ಹಾರಿಕಾಳ ಬಾಯಿಗೂ ಅದೇ ಬರುತ್ತದೆ.

ಹಾರಿಕಾ ನನ್ನ ಗಂಡನ ಅಣ್ಣ ಬಜಾರಪ್ಪನವರ ಮಗಳು. ಊರಿನ ಕನ್ನಡ ಶಾಲೆಯಲ್ಲಿ ಐದನೇ ತರಗತಿ ಮುಗಿಸಿದ್ದಳು. ಆಂಧ್ರದ ಎಮ್ಮಿಗನೂರಿನ ಈ ಇಂಗ್ಲಿಷ್ ಶಾಲೆಯಲ್ಲಿ ಆರಕ್ಕೆ ಸೇರಿಸಲು ಅವರೂ ನಾನೂ ಕರೆತಂದಿದ್ದೆವು. ಬೇಸಿಗೆಯೆಲ್ಲ ನಾನೇ ಕೂರಿಸಿಕೊಂಡು ಹೇಳಿಕೊಟ್ಟಿದ್ದೆ: ಕೂಡುವುದು ಅಡಿಷನ್, ಕಳೆಯುವುದು ಸಬ್‌ಟ್ರಾಕ್ಷನ್, ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್. ಎಣಿಸುವುದನ್ನೂ ಕಲಿಸಬೇಕೆಂದು ನನಗೆ ಹೊಳೆದಿರಲಿಲ್ಲ.

"ಲಾಭಮಾ!" ಪ್ರಿನ್ಸಿಪಾಲರು ಮೇಜು ಬಡಿದು ನಕ್ಕರು. ಪಕ್ಕದ ಕೋಣೆಯ ಗುಮಾಸ್ತನನ್ನು ಕೂಗಿದರು. "ಶಿವಾ, ಇಟ್ಲಾ ರಾ! ಈ ಹುಡುಗಿ ಲೆಕ್ಕ ಕೇಳು. ಇನ್ನೊಮ್ಮೆ ಹೇಳಮ್ಮ."

ಆಕೆ ಇನ್ನೊಮ್ಮೆ ಹೇಳಿದಳು.

"ನಷ್ಟ ಎಷ್ಟನೇದಕ್ಕ ಬರ್ತೈತಿ ಪಾಪಾ?" ಎಂದ ಶಿವ.

ಬಜಾರಪ್ಪನವರೂ ನಕ್ಕರು. ದೊಡ್ಡವರು ನಗುತ್ತಿದ್ದಾರೆ, ತಾನೂ ನಗಬೇಕು ಎಂಬ ನಗು. ಹಾರಿಕಾ ತಂದೆಯತ್ತ ನೋಡಿದಳು. ಮುಖ ಬಿಗಿಯಿತು.

ಪ್ರಿನ್ಸಿಪಾಲರು ಬೋರ್ಡಿನ ಮೇಲೆ x + 5 = 12 ಎಂದು ಬರೆದರು. "ಎಕ್ಸ್ ಎಷ್ಟು?"

ಇಂಥ ಲೆಕ್ಕವನ್ನು ಜಡೆ ಹಾಕಿಸಿಕೊಳ್ಳುತ್ತಲೇ ಹೇಳುವ ಹುಡುಗಿ. ಅವರ ಕಣ್ಣಿಗೆ ಕಣ್ಣಿಟ್ಟು, "ಆರರ ಮ್ಯಾಲೊಂದು" ಎಂದಳು. ಈ ಸಲ ಬಾಯಿತಪ್ಪಿ ಬಂದದ್ದಲ್ಲ.

"ಮತ್ತದೇ! ನಂಬರಿನ ಹೆಸರೇ ಬರಲ್ಲ, ಆಲ್ಜೀಬ್ರ ಎಲ್ಲಿ ಬರ್ತದ? ನಾಲ್ಕನೇ ಕ್ಲಾಸಿಗೆ ಹಾಕೋಣ. ಬುನಾದಿ ಗಟ್ಟಿ ಆಗ್ಲಿ."

"ಹಾಕ್ರಿ ಸಾರ್," ಎಂದರು ಬಜಾರಪ್ಪನವರು, ತಡವಿಲ್ಲದೆ.

ಸೊಸೆಯಾಗಿ ಬಂದಾಗಿನಿಂದ ನಾನು ಅವರ ಮುಂದೆ ದನಿ ಎತ್ತಿದವಳಲ್ಲ. ಆಡುವ ಮಾತನ್ನು ಎರಡೆರಡು ಸಲ ತೂಗಿಯೇ ಆಡುವವಳು. ಅವತ್ತು ತೂಗಲಿಲ್ಲ.

"ಭಾವ, ಈಕಿನ್ನ ಹದಿನೈದು ವರ್ಷ ಮುಗಿಯೋ ತನಕ ಓದಿಸಿ ಸಾಲಿ ಬಿಡಿಸ್ತೀನಿ ಅಂದೀರಿ. ಈಗ ಹನ್ನೊಂದು. ನಾಲ್ಕಕ್ಕ ಹಾಕಿದ್ರ, ಆಗ ಎಷ್ಟನೇ ಕ್ಲಾಸಿನ್ಯಾಗ ಇರ್ತಾಳ?"

"ಎಂಟು."

"ಆರಕ್ಕ ಹಾಕಿದ್ರ?"

"ಹತ್ತು."

"ವಯಸ್ಸು ಎಷ್ಟೇ ಆಗಲಿ, ಹತ್ತು ಮುಗಿಸದೆ ಬಿಡಿಸಲ್ಲ ಅಂತ ಹೇಳ್ರಿ. ಈಗ, ಇವರ ಮುಂದ."

"ಸುಮ್ನಿರಮ್ಮ ರಾಣಿ. ಇದು ಮನಿ ಅಲ್ಲ."

"ಮನ್ಯಾಗೂ ನೀವು ಹೇಳಲ್ಲ."

ಅವರು ಅರ್ಜಿಯನ್ನು ಪ್ರಿನ್ಸಿಪಾಲರ ಕಡೆ ಸರಿಸಿದರು. ಬೆರಳು ಮಡಿಸದೆ, ಯೋಚಿಸದೆ ಎಂಟು ಎಂದಿದ್ದರು. ಅಂದರೆ ನಾಲ್ಕು ಎಂಬ ಮಾತು ಕಿವಿಗೆ ಬಿದ್ದಾಗಲೇ ಲೆಕ್ಕ ಹಾಕಿದ್ದರು. ಆ ಇಬ್ಬರು ತಿಳಿಯದೆ ನಕ್ಕಿದ್ದರು; ಈ ಮನುಷ್ಯ ಎಲ್ಲ ತಿಳಿದು ಹೂಂ ಎಂದಿದ್ದರು.

ಪ್ರಿನ್ಸಿಪಾಲರ ಕಡೆ ತಿರುಗಿದೆ. "ಆರನೇ ಕ್ಲಾಸಿಗೆ ಸೇರೋರಿಗೆ ಕೊಡೋ ಪೇಪರ್ ಕೊಡ್ರಿ ಸಾರ್, ಬರೀತಾಳ. ಅಲ್ಲಿ ತನಕ ನಾನು ಈ ಕುರ್ಚಿ ಬಿಟ್ಟು ಏಳಲ್ಲ."

"ಏಮಮ್ಮಾ, ಜಗಳಕ್ಕ ಬಂದೀರೇನು?"

"ಹೌದ್ರಿ."

ಪೇಪರ್ ಬಂತು. ಹಾರಿಕಾ ಒತ್ತಿ ಬರೆದ ರಭಸಕ್ಕೆ ಪೆನ್ಸಿಲ್ ಮುರಿಯಿತು. ಶಿವ ತನ್ನ ಜೇಬಿನ ಪೆನ್ನು ಕೊಟ್ಟ. ಬರೆದು ಮುಗಿಸಿದ ಮೇಲೆ ಪ್ರಿನ್ಸಿಪಾಲರು ಕೊನೆಯ ಸಾಲಿನ ತನಕ ತಪ್ಪು ಹುಡುಕಿದರು. ಒಂದು ಭಾಗಾಕಾರದಲ್ಲಿ ಸಿಕ್ಕಿತು. ಅದಕ್ಕೆ ಕೆಂಪು ಸುತ್ತು ಹಾಕಿದರು.

"ಡಿವಿಷನ್ ವೀಕ್ ಐತಿ."

"ಕಲೀತಾಳ."

ಅರ್ಜಿಯ ಮೇಲೆ ಆರು ಎಂದು ಬರೆದು, ನನ್ನ ಮುಖ ನೋಡದೆ ಮುಂದಕ್ಕೆ ತಳ್ಳಿದರು.

ಗೇಟಿನ ಹೊರಗೆ ಬಜಾರಪ್ಪನವರು ಬೈಕಿನ ಬೀಗ ತೆಗೆಯುತ್ತ ಹೇಳಿದರು: "ಮಂದಿ ಮುಂದ ನನ್ನ ಮರ್ಯಾದಿ ತಗದಿ. ತಿಳ್ಕೋ, ಹತ್ತು ಆದ ಮರುದಿನ ಬಿಡಿಸ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ಹಾರಿಕಾ, "ನಾನು ಇಂಟರ್ ಓದ್ತೀನಿ" ಎಂದಳು.

"ಏನಂದಿ?"

"ಇಂಟರ್ ಅಂದೆ. ನೀನೂ ನಕ್ಕಿಯಪ್ಪ. ನಾ ನೋಡೀನಿ."

ಅವರು ಬೈಕು ಚಾಲೂ ಮಾಡಿದರು. ಆಕೆ ಹಿಂದೆ ಕೂರಲಿಲ್ಲ, ನಾನೂ ಕೂರಲಿಲ್ಲ. ಸ್ವಲ್ಪ ಹೊತ್ತು ಕಾದು, ಧೂಳೆಬ್ಬಿಸಿ ಹೋದರು.

ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ನಿಂತೆವು. ನನ್ನ ಕೈಯೊಳಗಿದ್ದ ಆಕೆಯ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ.

"ಚಿಗವ್ವ, ಇಂಟರ್ ಅಂದ್ರ ಎಷ್ಟನೇ ಕ್ಲಾಸು?"

"ಹನ್ನೊಂದು, ಹನ್ನೆರಡು."

"ಸಾಲಲ್ಲ," ಎಂದಳು.