ಮುಳ್ಳಿಲಿಗೆ ನೀರೆರೆದ ದಿನ

ಶಂಕ್ರವ್ವ ಅದನ್ನು ಬುಟ್ಟಿಯಲ್ಲಿ ತಂದಳು. ಮೇಲೆ ಹಳೆಯ ಸೀರೆಯ ತುಂಡು ಮುಚ್ಚಿತ್ತು. ಅವಳ ಹೊಲದ ಬದುವಿನಲ್ಲಿ ಒಟ್ಟಿದ್ದ ಈರುಳ್ಳಿ ಚೀಲಗಳ ನಡುವೆ ಸಿಕ್ಕಿಬಿದ್ದಿತ್ತಂತೆ. ಕೆಂಪು ಬಲೆಯ ಚೀಲವನ್ನು ಕುಡುಗೋಲಿನಿಂದ ಹರಿದು ಬಿಡಿಸಿಕೊಂಡು ಬಂದಿದ್ದಳು. ನರಗುಂದದಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದವಳು ಎಂಬುದು ಓಣಿಯಲ್ಲಿ ಅವಳೊಬ್ಬಳಿಗೆ ನೆನಪಿತ್ತು.

"ನೋಡ ತಂಗಿ, ಇದು ನಿನ್ನ ಓದಿನ್ಯಾಗ ಬಂದೈತೇನು?" ಎಂದು ಬುಟ್ಟಿಯನ್ನು ನನ್ನ ಮುಂದೆ ಇಟ್ಟಳು.

ನಯೀಮ ಹೋಗಿ ಎಪ್ಪತ್ತೆರಡು ದಿನವಾಗಿತ್ತು. ನಾನು ಇದ್ದತ್‌ನಲ್ಲಿದ್ದೆ. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಬಣ್ಣದ ಬಟ್ಟೆ ಇಲ್ಲ, ಅತ್ತರು ಇಲ್ಲ. ನನಗೆ ಕಷ್ಟವಾಗಿರಲಿಲ್ಲ. ಏನೂ ಕಷ್ಟವಾಗುತ್ತಿರಲಿಲ್ಲ. ಊಟ ಮುಂದಿಟ್ಟರೆ ಉಣ್ಣುತ್ತಿದ್ದೆ, ಮಲಗು ಎಂದರೆ ಮಲಗುತ್ತಿದ್ದೆ.

ಬಟ್ಟೆ ಸರಿಸಿದೆ. ಒಳಗೆ ಒಂದು ಉಂಡೆ. ಮುಖವಿಲ್ಲ, ಕಾಲಿಲ್ಲ. ಮುಳ್ಳುಗಳ ನಡುವೆ ಎರೆಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅಲ್ಲಲ್ಲಿ ರಕ್ತ ಹೀರುವ ಉಣ್ಣೆಹುಳ ಕಚ್ಚಿದ್ದವು, ಜೋಳದ ಕಾಳಿನಷ್ಟು ಉಬ್ಬಿದ್ದವು. ಕೊಳೆತ ವಾಸನೆಯೊಂದು ಎಲ್ಲಿಂದಲೋ ಬರುತ್ತಿತ್ತು. ಉಂಡೆ ಬಹಳ ಮೆಲ್ಲಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು.

"ಮುಳ್ಳಿಲಿ" ಎಂದೆ.

"ಎರದು ಬಾಚಬೇಕಂದ್ರ ಯಾರ ಹಣಗಿ ಕೊಡ್ತೀ? ಹಣಗಿ ಹಲ್ಲ ಮುರದ ಹೋಗ್ತಾವು" ಎಂದು ಶಂಕ್ರವ್ವ ನಕ್ಕು ಹೊಲಕ್ಕೆ ಹೋದಳು.

ನನ್ನ ಮಾವ ಸುಭಾನಸಾಬ ಮೂವತ್ತು ವರ್ಷ ಕುರಿ ವ್ಯಾಪಾರ ಮಾಡಿದವರು. ಉಣ್ಣೆಹುಳ ಕಂಡರೆ ಅವರಿಗೆ ಗೊತ್ತಿರುವ ಮದ್ದು ಒಂದೇ, ತಂಬಾಕು ಕುದಿಸಿದ ನೀರು. ಅದನ್ನು ಮೈಗೆ ಸವರಿದರೆ ಕುರಿಗೆ ಕಚ್ಚಿದ ಹುಳ ತಾವಾಗಿ ಉದುರುತ್ತವೆ. ಯಾರನ್ನೂ ಕೇಳದೆ ಒಲೆಯ ಮೇಲೆ ತಂಬಾಕು ಇಟ್ಟಿದ್ದರು. ಕಂದು ನೀರಿನ ಡಬರಿ ಹಿಡಿದು ಹಿತ್ತಲಿಗೆ ಬಂದರು. ನಾನು ನೋಡುತ್ತ ಕೂತಿದ್ದೆ. ಅವರು ಬಟ್ಟೆಯ ತುಂಡನ್ನು ಅದರಲ್ಲಿ ಅದ್ದಿದಾಗ ಮಾತು ಬಂತು.

"ಬ್ಯಾಡ್ರಿ ಅಬ್ಬಾ. ಇದು ಕುರಿ ಅಲ್ರಿ, ತನ್ನ ಮೈ ತಾನ ನೆಕ್ಕೊಂತೈತಿ. ಹೊಟ್ಯಾಗ ಹೋತಂದ್ರ ಸಾಯ್ತೈತಿ."

ಅವರು ನನ್ನನ್ನು ನೋಡಿದರು. ಅಷ್ಟು ಉದ್ದದ ಮಾತನ್ನು ನಾನು ಬಹಳ ದಿನದಿಂದ ಆಡಿರಲಿಲ್ಲ. ಡಬರಿಯನ್ನು ಮೋರಿಗೆ ಬಗ್ಗಿಸಿ, ಎರಡು ಸಲ ತೊಳೆದು, ಮಸೀದಿಗೆ ಹೊರಟುಹೋದರು.

ನಾಗರತ್ನಾ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು, ಈಗ ಗಜೇಂದ್ರಗಡದ ಕಡೆ ಪಶುವೈದ್ಯೆ. ಫೋನ್ ಮಾಡಿದೆ. ನಯೀಮನ ಮಾತನ್ನು ಅವಳು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಕಾಡಿನ ಜೀವ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಅರಣ್ಯ ಇಲಾಖೆಗೆ ತಾನೇ ತಿಳಿಸುತ್ತೇನೆ ಎಂದಳು. ಉಗುರುಬೆಚ್ಚಗಿನ ನೀರು ಎರಡು ಬೆರಳಿನಷ್ಟು ಆಳ ಇರಲಿ, ಸಾಬೂನು ಬೇಡ. ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಲೆಯಿಂದ ಬಾಲದ ಕಡೆಗೆ, ಮುಳ್ಳು ಮಲಗುವ ದಿಕ್ಕಿನಲ್ಲೇ ಉಜ್ಜಬೇಕು. ಕಿವಿಗೆ ನೀರು ಹೋಗಬಾರದು. ನೀರಿನಲ್ಲಿ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ, ಆಗ ಹೊಟ್ಟೆ, ಕಾಲು ನೋಡು ಎಂದಳು.

ಬಚ್ಚಲಿನ ಗ್ಲಾಸಿನಲ್ಲಿ ನೀಲಿ ಬ್ರಶ್ ಇತ್ತು. ತೆಗೆದುಕೊಂಡೆ. ನನ್ನ ಅತ್ತೆ ರಸೂಲಬಿ ಬಾಗಿಲಲ್ಲಿ ನಿಂತಿದ್ದರು.

"ಅದು ನಯೀಮಂದು" ಎಂದರು.

ಹೌದ್ರಿ ಎಂದೆ. ಅವರು ಮುಖ ತಿರುಗಿಸಿ ಮೆಟ್ಟಿಲ ಮೇಲೆ ಕೂತರು.

ಅಗಲವಾದ ಪರಾತದ ತಟ್ಟೆಯಲ್ಲಿ ನೀರು ಹಾಕಿ ಉಂಡೆಯನ್ನು ಮೆಲ್ಲಗೆ ಇಳಿಸಿದೆ. ಬ್ರಶ್ ಎಳೆದಲ್ಲೆಲ್ಲ ಮಣ್ಣು ಕರಗಿ ಕಪ್ಪಾಗಿ ಇಳಿಯಿತು. ಮುಳ್ಳುಗಳು ಹೊರಬಂದವು. ಪ್ರತಿಯೊಂದರಲ್ಲೂ ಬುಡ ಬಿಳಿ, ನಡು ಕಂದು, ತುದಿ ಮತ್ತೆ ಬಿಳಿ. ಸಾವಿರಾರು ಇದ್ದವು. ಯಾವುದರ ಬಣ್ಣವೂ ತನ್ನ ಗೆರೆ ತಪ್ಪಿರಲಿಲ್ಲ. ಎರೆಮಣ್ಣಿನ ಬಿರುಕಿನಲ್ಲಿ, ಯಾರೂ ನೋಡದ ಕಡೆ, ಇಂಥದೊಂದು ಕೆಲಸ ನಡೆದಿತ್ತು. ನಾನು ಉಜ್ಜುವುದನ್ನು ನಿಲ್ಲಿಸಿ ನೋಡಿದೆ.

ಆಮೇಲೆ ಉಂಡೆ ಬಿಚ್ಚಿತು. ಮೊದಲು ಮೂಗು, ಒದ್ದೆ, ಕಪ್ಪು, ಒಂದೇ ಸಮನೆ ಅಲುಗುವಂಥದು. ಹಿಂದೆ ಎರಡು ಕಣ್ಣು. ಹುಲ್ಲುಕಡ್ಡಿಯಂಥ ಕೈಗಳು ತಟ್ಟೆಯ ಅಂಚನ್ನು ಹಿಡಿದವು. ಕೊನೆಗೆ ಹಿಂಗಾಲುಗಳು ಕಂಡವು. ಎಡಗಾಲಿಗೆ ಈರುಳ್ಳಿ ಚೀಲದ ಕೆಂಪು ದಾರ ಸುತ್ತಿಕೊಂಡು ಮಾಂಸದೊಳಗೆ ಇಳಿದಿತ್ತು. ಅದರ ಕೆಳಗೆ ಪಾದ ಬಾತು ನೀಲಿಗಟ್ಟಿತ್ತು. ವಾಸನೆ ಅಲ್ಲಿಂದ ಬರುತ್ತಿತ್ತು.

ಫೋಟೋ ತೆಗೆದು ಕಳಿಸಿದೆ. ನಾಗರತ್ನಾ ಕೂಡಲೇ ಫೋನ್ ಮಾಡಿದಳು.

"ನಾ ದನಕ್ಕ ಲಸಿಕಿ ಹಾಕಾಕ ದೂರದ ಹಳ್ಳಿಗೆ ಬಂದೀನಿ, ನಾಳಿ ಸಂಜಿಗೇ ಬರಾಕಾಗೂದು. ಅಲ್ಲೀತನಕಾ ಆ ಕಾಲು ಉಳಿಯೂದಿಲ್ಲ. ಕಾಲ ಹೋತಂದ್ರ ಹೊಲದಾಗ ಅದೂ ಉಳಿಯೂದಿಲ್ಲ. ಆ ದಾರ ನೀನ ಕತ್ತರಸಬೇಕು, ಇವತ್ತ."

ಕಸೂತಿಯ ಸಣ್ಣ ಕತ್ತರಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ತಂದೆ. ಕಾಲಿಗೆ ಬೆರಳು ತಾಗಿದ್ದೇ ತಡ, ಮುಚ್ಚಿಕೊಂಡಿತು. ಕಾದೆ. ಬಿಚ್ಚಿತು. ಮುಟ್ಟಿದೆ. ಮತ್ತೆ ಮುಚ್ಚಿತು. ಮೂರನೆಯ ಸಲ ಬಿಚ್ಚಲೇ ಇಲ್ಲ. ನೀರು ಆರುತ್ತಿತ್ತು. ಅತ್ತೆ ಬಿಸಿನೀರು ತಂದು ಪಕ್ಕದಲ್ಲಿಟ್ಟು ಮತ್ತೆ ಮೆಟ್ಟಿಲಿಗೆ ಹೋದರು.

ಬಿಸಿನೀರು ಬೆರೆಸಿ ಬ್ರಶ್ಶನ್ನು ಅದರಲ್ಲಿ ಆಡಿಸಿದೆ. ಬ್ರಶ್ಶಿನ ಬುಡದಿಂದ ಲವಂಗದ ವಾಸನೆ ಎದ್ದಿತು. ನಯೀಮ ಲವಂಗದ ಹಲ್ಲುಪುಡಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ.

ಉಂಡೆಯಿಂದ ಮೂಗು ಹೊರಬಂತು. ಬ್ರಶ್ಶನ್ನು ಮೂಸಿತು. ನೆಕ್ಕಿತು. ಹಲ್ಲಿನಿಂದ ಹಿಡಿದು ಜಗಿಯಿತು. ನೋಡುತ್ತಿದ್ದಂತೆ ಬಾಯಿ ತುಂಬ ಬಿಳಿ ನೊರೆ ಬಂತು.

ಅತ್ತೆ ಎದ್ದು ನಿಂತರು. "ಹುಚ್ಚ ಹಿಡದೈತಿ ಅದಕ್ಕ. ಕೈ ತಗಿ ಇಷ್ರತ, ಕೈ ತಗಿ."

"ಹುಚ್ಚಲ್ರಿ ಅಮ್ಮಾ. ನೋಡ್ರಿ."

ಅದು ಕುತ್ತಿಗೆಯನ್ನು ಹಿಂದಕ್ಕೆ ತಿರುಗಿಸಿತು. ಅಷ್ಟು ತಿರುಗುತ್ತದೆಂದು ನಾನು ನಂಬಿರಲಿಲ್ಲ. ಉದ್ದನೆಯ ನಾಲಿಗೆ ಚಾಚಿ ಆ ನೊರೆಯನ್ನು ತನ್ನ ಬೆನ್ನಿನ ಮುಳ್ಳುಗಳಿಗೆ ಹಚ್ಚತೊಡಗಿತು. ಮತ್ತೆ ಬ್ರಶ್, ಮತ್ತೆ ನೊರೆ, ಮತ್ತೆ ಬೆನ್ನು. ಹೊಸ ವಾಸನೆ ಸಿಕ್ಕರೆ ಮುಳ್ಳಿಲಿ ಅದನ್ನು ಹೀಗೆ ಮೈಗೆ ಬಳಿದುಕೊಳ್ಳುತ್ತದೆ. ತರಗತಿಯಲ್ಲಿ ಇದಕ್ಕೆ ಒಂದೇ ಸಾಲು ಇತ್ತು. ಯಾಕೆ ಎಂಬುದು ಯಾರಿಗೂ ಖಚಿತವಾಗಿ ಗೊತ್ತಿಲ್ಲ ಎಂದು ಆ ಸಾಲು ಮುಗಿಯುತ್ತಿತ್ತು. ಪರೀಕ್ಷೆಗೆ ಅದನ್ನು ಬರೆದಿದ್ದೆ. ಕಣ್ಣಾರೆ ನೋಡಿರಲಿಲ್ಲ. ಅದರ ಪಾಲಿಗೆ ಈಗ ನಾವು ಇರಲಿಲ್ಲ, ತಟ್ಟೆ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಜೋಲಿ ತಪ್ಪಿ ಮಗ್ಗುಲಿಗೆ ಬಿದ್ದು, ಬಿದ್ದಲ್ಲೇ ಹಚ್ಚಿಕೊಳ್ಳುತ್ತಿತ್ತು. ಎಡಗಾಲು ಪೂರ್ತಿ ಚಾಚಿಕೊಂಡಿತ್ತು.

ಕಾಲು ಹಿಡಿಯಲು ಒಂದು ಕೈ, ಕತ್ತರಿಗೆ ಒಂದು ಕೈ ಬೇಕಿತ್ತು.

"ಅಮ್ಮಾ, ಬ್ರಶ್ ಹಿಡಿರಿ."

ಅವರು ಬರುತ್ತಾರೆಂದು ನನಗೆ ಖಾತ್ರಿ ಇರಲಿಲ್ಲ. ಬಂದರು. ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು ಬ್ರಶ್ಶನ್ನು ನನ್ನ ಕೈಯಿಂದ ತೆಗೆದುಕೊಂಡರು. ಮುಳ್ಳಿಲಿ ಅವರ ಕೈಯಲ್ಲಿದ್ದುದನ್ನು ಜಗಿಯಿತು. ಅವರು ಕೈ ಹಿಂದೆ ಸರಿಸಲಿಲ್ಲ.

ದಾರದ ಮೊದಲ ಸುತ್ತು ಸುಲಭವಾಗಿ ತುಂಡಾಯಿತು. ಎರಡನೆಯದಕ್ಕೆ ಸೂಜಿಯ ಹಿಂಬದಿಯಿಂದ ದಾರ ಎತ್ತಬೇಕಾಯಿತು. ಮೂರನೆಯದು ಕಾಣುತ್ತಲೇ ಇರಲಿಲ್ಲ. ಮಾಂಸದ ನಡುವೆ ಕತ್ತರಿಯ ತುದಿ ಇಳಿಸಿ, ಉಸಿರು ಹಿಡಿದು ಒತ್ತಿದೆ. ಟಕ್ ಎಂದಿತು. ರಕ್ತ ಬಂತು, ಕಪ್ಪು, ಆಮೇಲೆ ಕೆಂಪು. ಅದು ಬೆನ್ನಿಗೆ ನೊರೆ ಹಚ್ಚುತ್ತಲೇ ಇತ್ತು.

"ಹಿಂಗ ಮಾಡ್ತಾವಂತ ನಿನ್ನ ಪುಸ್ತಕದಾಗ ಇತ್ತೇನು?" ಅತ್ತೆ ಬಹಳ ಸಣ್ಣ ದನಿಯಲ್ಲಿ ಕೇಳಿದರು.

ಇಷ್ಟು ಇರಲಿಲ್ಲ ಎಂದೆ.

ಎಷ್ಟು ಹೊತ್ತಾಯಿತೋ, ಅದು ತಾನಾಗಿ ನಿಲ್ಲಿಸಿತು. ಒಂದು ಸಲ ಸೀನಿತು. ಒಣ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಬಿಸಿಲು ಹಿತ್ತಲ ಗೋಡೆಯ ತುದಿಗೆ ಏರಿತ್ತು. ಅತ್ತೆ ಚಿಮುಟದಿಂದ ಒಂದೊಂದೇ ಉಣ್ಣೆ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕಿದರು. ಬ್ರಶ್ ಅವರ ಎಡಗೈಯಲ್ಲೇ ಇತ್ತು. ಒಣಗುತ್ತಿದ್ದ ಮುಳ್ಳುಗಳಿಂದ ಲವಂಗದ ವಾಸನೆ ಬರುತ್ತಿತ್ತು. ಅವರಿಗೂ ಬರುತ್ತಿದ್ದಿರಬೇಕು.

ನಾಗರತ್ನಾ ಮತ್ತೆ ಫೋನ್ ಮಾಡಿ ಕೇಳಿದಳು, ಪಾದ ಬೆಚ್ಚಗಿದೆಯೇ ಎಂದು. ಟವೆಲ್ ಸರಿಸಿ ಹಿಂಗಾಲನ್ನು ಅಂಗೈ ಮೇಲೆ ಇಟ್ಟುಕೊಂಡೆ. ನೀಲಿ ಬಣ್ಣ ದಾರದ ಗುರುತಿನಿಂದ ಕೆಳಗೆ ಸರಿಯುತ್ತಿತ್ತು, ಹಿಂದೆಯೇ ಕೆಂಪು ಬರುತ್ತಿತ್ತು. ಕೆಂಪು ನಾಲ್ಕು ಬೆರಳಿಗೆ ಬಂತು. ಐದನೆಯದಕ್ಕೆ ಬರಲಿಲ್ಲ. ಒಂದು ಹೋದರೂ ನಡೆಯುತ್ತದೆ, ಕಾಲು ಉಳಿಯಿತು ಎಂದಳು.

ಆಗ ಅದು ನನ್ನ ಅಂಗೈಯನ್ನು ಒದ್ದಿತು. ನಾಲ್ಕೂ ಉಗುರು ನೆಟ್ಟವು. ನೋವಾಯಿತು. ಕೈ ತೆಗೆಯಲಿಲ್ಲ.